ಮಳೆ ತೊಳೆಯದ ಮಗ್ಗುಲು

ಏಪ್ರಿಲ್ 27

ಬೈಕಂಪಾಡಿಯಿಂದ ಕುಳಾಯಿವರೆಗೆ ಲೈನ್ ಗಸ್ತು. ಹತ್ತು ಗಂಟೆಗೇ ನೆತ್ತಿ ಸುಡುತ್ತಿತ್ತು. ಟವರ್ ಏರುತ್ತಿದ್ದ ಹುಡುಗ ಅರ್ಧದಲ್ಲೇ ನಿಂತ. ಏನಾಯಿತೆಂದು ಕೂಗಿದೆ. ಉತ್ತರ ಬರಲಿಲ್ಲ. ಸ್ಟೆಪ್ ಬೋಲ್ಟ್ ಒಂದು ಕೈಗೇ ಬಂದಿತ್ತು. ಬೆಲ್ಟ್ ಹಾಕಿದ್ದ, ಪುಣ್ಯ. ಇಳಿದು ಬಂದು ಅದನ್ನು ನನ್ನ ಅಂಗೈಮೇಲೆ ಇಟ್ಟ.

ಹೊರಗೆ ಚಾಚಿಕೊಂಡ ಭಾಗ ಚೆನ್ನಾಗಿಯೇ ಇದೆ, ಬೂದು ಬಣ್ಣ ಮಾಸಿಲ್ಲ. ಆ್ಯಂಗಲ್ಲಿಗೆ ಒತ್ತಿಕೊಂಡ ಕತ್ತು ಮಾತ್ರ ಅರ್ಧಕ್ಕರ್ಧ ಸವೆದಿದೆ. ನೆಲದಲ್ಲಿ ನಿಂತು ನೋಡಿದರೆ ಯಾರಿಗೂ ಕಾಣುತ್ತಿರಲಿಲ್ಲ.

ಅವನು ನೀರು ಕುಡಿದು ಮತ್ತೆ ಏರಲು ಹೊರಟ. ಬೇಡ ಎಂದೆ.

ಅದೇ ದಿನ, ರಾತ್ರಿ 10.30

ಲೇಪನದ ದಪ್ಪ ಅಳೆಯುವ ಎಲ್ಕೋಮೀಟರ್ ಓದಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆ. ಮಳೆ ನೇರ ಬೀಳುವ ಮೈಯಲ್ಲಿ ಸತು 70 ಮೈಕ್ರಾನಿನ ಮೇಲೆ. ಅದೇ ಆ್ಯಂಗಲ್ಲಿನ ಒಳಮಗ್ಗುಲಲ್ಲಿ 30, 25, ಒಂದು ಕಡೆ ಏನೂ ಇಲ್ಲ. ಎರಡರ ನಡುವೆ ಅಂತರ ಒಂದು ಗೇಣೂ ಇಲ್ಲ.

ತಂತಿ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಅಳೆಸಿದೆ. ಉಜ್ಜದೆ ಇಟ್ಟರೆ ತುಕ್ಕಿನ ದಪ್ಪವನ್ನೂ ಸತುವೆಂದೇ ಓದಿಬಿಡುತ್ತದೆ ಆ ಯಂತ್ರ. ಹಿಂದಿನ ವರದಿಗಳಲ್ಲಿ ಎಲ್ಲ ಕಡೆ ಒಳ್ಳೊಳ್ಳೆ ಅಂಕಿಗಳಿವೆ. ಆಗ ಉಜ್ಜಿದ್ದರೋ ಇಲ್ಲವೋ.

ಮೇ 4

ಕಡತದ ಲೆಕ್ಕ ಹೀಗಿದೆ. 5 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ ಆ್ಯಂಗಲ್ಲಿಗೆ ಚದರ ಮೀಟರಿಗೆ 610 ಗ್ರಾಂ ಸತು ಇರಬೇಕು. ಸುಮಾರು 86 ಮೈಕ್ರಾನ್. ಸತು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸವೆಯುವ ಲೋಹ, ಹಾಗಾಗಿ ಆಯುಷ್ಯಕ್ಕೆ ಭಾಗಾಕಾರ ಸಾಕು. ಐಎಸ್ಒ 9223ರಲ್ಲಿ ಹವೆಯನ್ನು ದರ್ಜೆ ಹಾಕಿದ್ದಾರೆ. ಸಿ3 ಎಂದರೆ ವರ್ಷಕ್ಕೆ 0.7ರಿಂದ 2.1 ಮೈಕ್ರಾನ್, ಸಿ4 ಎಂದರೆ 4.2ರವರೆಗೆ, ಸಿ5 ಎಂದರೆ 8.4ರವರೆಗೆ. ವರ್ಷಕ್ಕೆ 2 ಹೋದರೆ ಟವರ್ ನನ್ನ ನಿವೃತ್ತಿಯನ್ನೂ ದಾಟಿ ನಿಲ್ಲುತ್ತದೆ. 8 ಹೋದರೆ ಹತ್ತೇ ವರ್ಷದಲ್ಲಿ ಸತು ಮುಗಿಯಿತು.

ನಮ್ಮ ಫಾರಂನಲ್ಲಿ ಇದಕ್ಕಿರುವುದು ಒಂದೇ ಕಾಲಂ: ‘ಕರಾವಳಿ / ಒಳನಾಡು’. ಟಿಕ್ ಹಾಕಿದರೆ ಆಯಿತು. ಕಡಲಿನಿಂದ ಎಷ್ಟು ದೂರ, ಚಿಮಣಿ ಯಾವ ದಿಕ್ಕಿಗೆ, ಯಾವ ಮಗ್ಗುಲು, ಯಾವುದನ್ನೂ ಕೇಳುವುದಿಲ್ಲ. ಉಪ್ಪುಗಾಳಿಯ ಜೋರು ದಡದಿಂದ ಮೊದಲ ಒಂದೆರಡು ಕಿಲೋಮೀಟರಿನಲ್ಲೇ ಬಹಳಷ್ಟು ಇಳಿದುಹೋಗುತ್ತದೆ. ತಣ್ಣೀರುಬಾವಿಯ ಕಂಬವೂ ಬಜ್ಪೆಯ ಕಂಬವೂ ಒಂದೇ ಟಿಕ್ಕಿನ ಕೆಳಗೆ ಬಂದರೆ ಹೇಗೆ?

ಮೇ 12, ಸಂಜೆ

ಮೊದಲ ಮಳೆ. ಗುಡುಗು ಕೇಳಿದ್ದೇ ಗಾಜಿನ ಲೋಟಗಳನ್ನು ತಾರಸಿಗೆ ಓಡಿಸಿದೆ. ಮನೆಯವರು ನೋಡಿ ಏನೂ ಹೇಳಲಿಲ್ಲ, ಅಭ್ಯಾಸವಾಗಿದೆ.

ಮೊದಲ ಲೋಟದಲ್ಲಿ ಕೆಸರು. ಮಸಿಯ ಕಣಗಳು ತಳ ಕಂಡವು. ಪಿಎಚ್ ಕಾಗದ ಅದ್ದುವಾಗ ಹುಳಿ ಇರುತ್ತದೆಂದೇ ಅಂದುಕೊಂಡಿದ್ದೆ. ಇಲ್ಲ, 6ರ ಮೇಲೆಯೇ ನಿಂತಿತು. ಅರ್ಧ ಗಂಟೆಯ ನಂತರದ ಲೋಟ ಕಣ್ಣೀರಿನಷ್ಟು ತಿಳಿ. ಹುಳಿ ಇರುವುದು ಅದರಲ್ಲಿ, 5ಕ್ಕೂ 6ಕ್ಕೂ ನಡುವೆ.

ಯೋಚಿಸಿದರೆ ಸರಿಯೇ. ಕೊಳೆಯಿಲ್ಲದ ಮಳೆಯೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ 5.6ರ ಸುತ್ತಮುತ್ತ ಇರುತ್ತದೆ. ನಮ್ಮ ದೇಶದ ಬಹುಪಾಲು ಕಡೆ ಮಣ್ಣಿನ ಧೂಳಿನಲ್ಲಿರುವ ಸುಣ್ಣದಂಶ ಮಳೆಯ ಹುಳಿಯನ್ನು ಮುರಿಯುತ್ತದೆ. ಬೇಸಿಗೆಯಿಡೀ ನಾವು ಬೈಯುವ ಧೂಳು ಮೊದಲ ಮಳೆಯನ್ನು ಸೌಮ್ಯ ಮಾಡಿತ್ತು.

ಆಮೇಲೆ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟೆ. ಮೊದಲ ಲೋಟ ಥಟ್ಟನೆ ಬಿಳಿಚಿತು. ಉಪ್ಪು. ಕೊನೆಯ ಲೋಟದಲ್ಲಿ ಬರೀ ಮಬ್ಬು.

ಮ್ಯಾಂಚೆಸ್ಟರಿನ ಮಳೆ ನೀರನ್ನು ಹೀಗೇ ಹಿಡಿದು ಪರೀಕ್ಷಿಸಿದ ರಾಬರ್ಟ್ ಆ್ಯಂಗಸ್ ಸ್ಮಿತ್ 1872ರಲ್ಲಿ ಗಾಳಿ ಮತ್ತು ಮಳೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಅವನದು ಕಲ್ಲಿದ್ದಲ ಹೊಗೆಯ ಊರು. ನನ್ನದರಲ್ಲಿ ಹೊಗೆಯೂ ಇದೆ, ಕಡಲೂ ಇದೆ. ಯಾವುದರ ಪಾಲು ಎಷ್ಟು ಎಂದು ಲೋಟ ಹೇಳುವುದಿಲ್ಲ.

ಮೇ 13

ನಿದ್ದೆ ಬರಲಿಲ್ಲ. ಗಾಳಿ ಇತ್ತು. ರಾತ್ರಿಯಿಡೀ ಮೊಬೈಲ್ ದಿಂಬಿನ ಪಕ್ಕ.

ಮೇ 21

ಸಾಹೇಬರ ಕೋಣೆಯಲ್ಲಿ ಅರ್ಧ ಗಂಟೆ. ಹುಡುಗನ ಕೈಗೆ ಬಂದ ಬೋಲ್ಟನ್ನೂ ಫೋಟೋಗಳನ್ನೂ ಮೇಜಿನ ಮೇಲಿಟ್ಟೆ. ಸ್ಟೆಪ್ ಬೋಲ್ಟ್ ಬದಲಿಸಲು ತಕ್ಷಣ ಒಪ್ಪಿದರು. ಒಳಮಗ್ಗುಲು ಉಜ್ಜಿ ಸತುವಿನ ಪೇಂಟ್ ಬಳಿಯಲು ಒಪ್ಪಲಿಲ್ಲ. “ಮಳೆಗಾಲ ಬಾಗಿಲಲ್ಲಿದೆ. ಈಗ ಬಳಿದದ್ದು ನಿಲ್ಲುತ್ತದಾ? ಮಳೆ ಬಿಟ್ಟ ಮೇಲೆ ನೋಡೋಣ. ಮಳೆಯೇ ಅಲ್ವಾ ಎಲ್ಲಕ್ಕೂ ಕಾರಣ.”

ಮೊದಲ ಮಾತು ನಿಜ. ಕೊನೆಯ ಮಾತು ಎದೆಯಲ್ಲಿ ಚುಚ್ಚಿಕೊಂಡು ಉಳಿಯಿತು. ಮಳೆ ಬೀಳುವ ಮೈ ಗಟ್ಟಿಯಿದೆ, ಬೀಳದ ಮೈ ಹೋಗಿದೆ ಎಂದು ಫೋಟೋದಲ್ಲೇ ಇದೆಯಲ್ಲ. ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳುವಷ್ಟು ಧೈರ್ಯ ಬರಲಿಲ್ಲ. ಫೋನ್ ಬಂತು, ಎದ್ದು ಬಂದೆ.

ಜೂನ್ 8

ಮಳೆಗಾಲ ಹಿಡಿಯಿತು. ಬೆಳಗಿನಿಂದ ಒಂದೇ ಸಮ. ಜನಕ್ಕೆ ರಜೆಯ ಮೂಡು, ನಮಗೆ ಟ್ರಿಪ್ಪಿಂಗ್.

ಆದರೂ ಸಂತೋಷವಾಯಿತು, ಬರೆದಿಡುತ್ತೇನೆ. ಡಿಸೆಂಬರಿನಿಂದ ಕೂತಿದ್ದ ಉಪ್ಪು ಟವರಿನ ಮೈಯಿಂದ ಇಳಿಯುತ್ತಿದೆ. ಇನ್ನು ಮೂರು ತಿಂಗಳು ಆ ಮೈಗೆ ದಿನಾ ಸಿಹಿನೀರಿನ ಸ್ನಾನ. ಒಳಮಗ್ಗುಲಿಗೆ ಸಿಗುವುದು ತೇವ ಮಾತ್ರ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇರುತ್ತದೆ. ಗಾಳಿ ಒಣಗಿದೆ ಎಂದು ನಮಗನ್ನಿಸಿದಾಗಲೂ ಅದು ತೇವ ಹೀರಿ ಹಸಿಯಾಗಿಯೇ ಕೂತಿರುತ್ತದೆ.

ಜೂನ್ 23

ಉಗ್ರಾಣಕ್ಕೆ ಹೋಗಿದ್ದೆ. ಹೊಸ ಆ್ಯಂಗಲ್‌ಗಳ ರಾಶಿ, ಮೇಲೆ ಟಾರ್ಪಾಲು. ಟಾರ್ಪಾಲು ಎತ್ತಿದರೆ ಒಂದಕ್ಕೊಂದು ಅಂಟಿದ ಜಾಗದಲ್ಲೆಲ್ಲ ಬಿಳಿ ಹಿಟ್ಟು. ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಬಿಳಿ ತುಕ್ಕು. ಇನ್ನೂ ಒಂದು ಕಂಬವೂ ಏರದ ಕಬ್ಬಿಣ.

ಹೊಸ ಸತುವಿಗೆ ನೀರಿನ ಜೊತೆಗೆ ಗಾಳಿಯೂ ಬೇಕು. ಗಾಳಿ ಆಡಿದರೆ ಕಾರ್ಬನ್ ಡೈಆಕ್ಸೈಡ್ ಸೇರಿ ಕೆಲವು ತಿಂಗಳಲ್ಲಿ ಗಟ್ಟಿಯಾದ ಕಾರ್ಬೊನೇಟ್ ಪದರ ಕಟ್ಟುತ್ತದೆ, ಹೊಳಪು ಹೋಗಿ ಬೂದಿಬಣ್ಣ ಬರುತ್ತದೆ. ಮುಂದೆ ಕಾಯುವುದು ಆ ಪದರವೇ. ಎರಡು ಲೋಹದ ನಡುವೆ ನೀರು ಸಿಕ್ಕಿಕೊಂಡು ಗಾಳಿ ಇಲ್ಲದಿದ್ದರೆ ಬರೀ ಹೈಡ್ರಾಕ್ಸೈಡ್, ಸಡಿಲ ಪುಡಿ, ಕಟ್ಟುವುದೇ ಇಲ್ಲ. ಮಧ್ಯೆ ಮರದ ರೀಪು ಇಟ್ಟು, ಒಂದು ಕೊನೆ ಎತ್ತರಿಸಿ, ನೀರು ಇಳಿದುಹೋಗುವಂತೆ ಜೋಡಿಸಿದ್ದರೆ ಟಾರ್ಪಾಲೇ ಬೇಕಿರಲಿಲ್ಲ.

ಸಿಟ್ಟು ಬಂತು. ಕಾವಲುಗಾರನ ಮೇಲೆ ತೋರಿಸಲಿಲ್ಲ, ಅವನಿಗೆ ಮುಚ್ಚಿಡು ಎಂದಷ್ಟೇ ಹೇಳಿದ್ದರು. ಸಂಜೆ ಆರರವರೆಗೆ ನಾವಿಬ್ಬರೇ ಒಂದೊಂದನ್ನಾಗಿ ಬಿಡಿಸಿ ರೀಪಿನ ಮೇಲಿಟ್ಟೆವು. ಬೆನ್ನು ನೋಯುತ್ತಿದೆ.

ಜುಲೈ 13, ಪುತ್ತೂರು

ಊರಿಗೆ ಬಂದಿದ್ದೇನೆ. ಮಳೆ ಎರಡು ದಿನ ಬಿಡುವು ಕೊಟ್ಟಿದೆ, ಅಪ್ಪ ಅಡಿಕೆಯ ಎರಡನೇ ಮದ್ದಿಗೆ ಆಳು ಹೊಂದಿಸಿಕೊಂಡಿದ್ದಾರೆ. ಕೊಳೆರೋಗ ಪಕ್ಕದ ತೋಟಕ್ಕೆ ಬಂದಿದೆಯಂತೆ.

ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಕಿ, ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಅಪ್ಪ ಅದರೊಳಗೆ ಅದ್ದಿ ಹಿಡಿದರು. ತೆಗೆದು ಬೆಳಕಿಗೆ ತಿರುಗಿಸಿದಾಗ ಅಲಗಿನ ಮೇಲೆ ತೆಳ್ಳಗೆ ಕೆಂಪು. “ಸುಣ್ಣ ಸಾಲದು.” ಇನ್ನೊಂದು ಬೊಗಸೆ ತಿಳಿ ಸೇರಿಸಿ, ಕತ್ತಿಯನ್ನು ಮತ್ತೆ ಉಜ್ಜಿ, ಮತ್ತೆ ಅದ್ದಿದರು. ಈಗ ಕೆಂಪಿಲ್ಲ. ಅಡಿಕೆಗೊನೆ ಸುಡದು ಎಂದು ಹೊಡೆಯಲು ಹೇಳಿದರು.

ನಮ್ಮ ಯಾರ್ಡಿನಲ್ಲಿಯೂ ಇದೇ ಮೈಲುತುತ್ತು ಎಂದು ಹೇಳಿದೆ. ಹೊದಿಕೆ ಸಮನಾಗಿದೆಯೇ ನೋಡಲು ತುಂಡನ್ನು ಆ ದ್ರಾವಣದಲ್ಲಿ ಒಂದೊಂದು ನಿಮಿಷ ಅದ್ದುತ್ತೇವೆ, ಕೆಂಪು ತಾಮ್ರ ಅಂಟಿಕೊಂಡರೆ ಸತು ಮುಗಿದು ಕಬ್ಬಿಣ ಬಯಲಾಯಿತೆಂದು ಲೆಕ್ಕ. ಅಪ್ಪ ತಲೆ ಎತ್ತಿ ನೋಡಿದರು. ನನ್ನ ಕೆಲಸದ ಬಗ್ಗೆ ಅವರು ಮೊದಲ ಸಲ ಪ್ರಶ್ನೆ ಕೇಳಿದ್ದು ಇವತ್ತು. ಎಷ್ಟು ಸಲ ಅದ್ದುತ್ತೀರಿ ಎಂದರು.

ಜುಲೈ 14

ಅಡಿಕೆ ಕೊಟ್ಟಿಗೆಯ ಜಿಂಕ್ ಶೀಟಿನ ಮೇಲೆ ಏಣಿ ಹಾಕಿ ಹತ್ತಿದೆ. ತೋಟದ ಅಂಚಿನ ಮರಗಳ ಕೆಳಗೆ ಬರುವ ನಾಲ್ಕು ಶೀಟುಗಳಲ್ಲಿ ನೀಲಿ ಕಲೆ, ಕಲೆಯ ನಡುವೆ ಕೆಂಪು ತೂತು. ಆಚೆಯ ಶೀಟುಗಳು ಅದೇ ವರ್ಷ ತಂದವು, ಇನ್ನೂ ಗಟ್ಟಿ.

ಸೋಗೆಯಿಂದ ತೊಟ್ಟಿಕ್ಕುವ ಮದ್ದಿನಲ್ಲಿ ಕರಗಿರುವ ತಾಮ್ರ ಸ್ವಲ್ಪವೇ ಇರಬಹುದು. ಅದು ಸತುವಿಗೆ ತಾಗಿದೊಡನೆ ಸತು ಕರಗಿ ತಾಮ್ರ ಕೂರುತ್ತದೆ. ಕೂತ ತಾಮ್ರದ ಕಣ ಸುಮ್ಮನಿರುವುದಿಲ್ಲ, ಪಕ್ಕದ ಸತುವಿನ ಜೊತೆ ಸಣ್ಣ ಬ್ಯಾಟರಿಯಾಗಿ ಮತ್ತಷ್ಟನ್ನು ಕರಗಿಸುತ್ತದೆ. ಮಳೆ ಅದಕ್ಕೆ ಬೇಕಾದ ನೀರು ಒದಗಿಸುತ್ತದೆ.

ಹಟ್ಟಿಯ ಮಾಡು ಬೇರೆಯೇ ಕಥೆ. ಅದು ಒಳಗಿನಿಂದ ಹೋಗಿದೆ. ಗಂಜಳದ ಅಮೋನಿಯಾ, ದನಗಳ ಉಸಿರಿನ ಬೆವರು. ಮೇಲೆ ಹೊರಮೈ ನೋಡಿದವರು ಇನ್ನೂ ಐದು ವರ್ಷ ಬರುತ್ತದೆ ಎನ್ನಬೇಕು.

ರಾತ್ರಿ ಊಟದ ಹೊತ್ತಿಗೆ ಜಗಳವಾಯಿತು. ಅಪ್ಪ ಹೊಸ ಶೀಟು ತರಲು ಹೊರಟಿದ್ದಾರೆ, 120 ಜಿಎಸ್‌ಎಂ. ಅದು ಎರಡೂ ಮುಖ ಸೇರಿ ಎಂದೆ, ಒಂದೊಂದು ಕಡೆಗೆ 8 ಮೈಕ್ರಾನ್ ಚಿಲ್ಲರೆ. 275ರದ್ದಾದರೆ 19. ದುಡ್ಡು ನೀನು ಕೊಡ್ತೀಯಾ ಎಂದರು. ಕೊಡುತ್ತೇನೆ ಎಂದೆ. ಅದು ಅವರಿಗೆ ಇನ್ನೂ ಬೇಸರ ತಂದಿತು. ಅಮ್ಮ ಮಜ್ಜಿಗೆ ಬಡಿಸಿದರು.

ಆಗಸ್ಟ್ 2

ಒಂದು ವಿಚಾರ ಬಿಡುತ್ತಿಲ್ಲ. ಸವೆದ ಸತು ಹೋಗುವುದೆಲ್ಲಿಗೆ? ಲೆಕ್ಕದಲ್ಲಿ ‘ನಷ್ಟ’ ಎಂದು ಬರೆದು ಮುಗಿಸುತ್ತೇವೆ. ಚದರ ಮೀಟರಿನಿಂದ 1 ಮೈಕ್ರಾನ್ ಹೋದರೆ 7 ಗ್ರಾಂ. ಸ್ವಲ್ಪ ತುಕ್ಕಾಗಿ ಮೈಮೇಲೆ ಉಳಿಯುತ್ತದೆ, ಉಳಿದದ್ದು ಮಳೆಯ ಜೊತೆ ಇಳಿಯುತ್ತದೆ. ಟವರಿನ ಕೆಳಗೆ, ಮಾಡಿನ ಕೆಳಗೆ, ತೋಡಿಗೆ, ಗುರುಪುರ ಹೊಳೆಗೆ.

ಗದ್ದೆಗೆ ಸತುವಿನ ಸಲ್ಫೇಟನ್ನು ನಾವೇ ದುಡ್ಡು ಕೊಟ್ಟು ತಂದು ಹಾಕುತ್ತೇವೆ. ಸತು ಕಡಿಮೆಯಾದರೆ ಭತ್ತದ ಎಲೆ ಕಂದುಹಿಡಿಯುತ್ತದೆ, ಉತ್ತರದಲ್ಲಿ ಖೈರಾ ಎನ್ನುವ ರೋಗ. ಅದೇ ಸತು ಕರಗಿ ನೀರಿಗೆ ಹೆಚ್ಚು ಸೇರಿದರೆ ಪಾಚಿಗೆ, ನೀರಿನ ಸಣ್ಣ ಜೀವಿಗಳಿಗೆ ವಿಷ. ಗದ್ದೆಯಲ್ಲಿ ಗೊಬ್ಬರ, ಹೊಳೆಯಲ್ಲಿ ಕೇಡು. ನಮ್ಮ ಲೈನ್ ಎರಡನ್ನೂ ದಾಟಿ ಹೋಗುತ್ತದೆ.

ಕಬ್ಬಿಣ ಉಳಿಸಲು ಸತು ಬಲಿ, ಅದೇ ಈ ವಿದ್ಯೆಯ ತಿರುಳು. ಆ ಬಲಿಯ ಬೂದಿಯನ್ನು ಯಾರ ಅಂಗಳಕ್ಕೆ ಚೆಲ್ಲುತ್ತಿದ್ದೇವೆ ಎಂದು ಇಷ್ಟು ವರ್ಷ ಯೋಚಿಸಿರಲಿಲ್ಲ. ಉತ್ತರ ಇಲ್ಲ ಸದ್ಯಕ್ಕೆ.

ಆಗಸ್ಟ್ 20

ಜ್ವರ. ರಜೆ. ಹಂಚಿನ ಮೇಲೆ ಮಳೆ ಕೇಳುತ್ತಾ ಮಲಗಿದ್ದೆ. ಯಾವ ಕಂಬದ ಬಗ್ಗೆಯೂ ಯೋಚಿಸಲಿಲ್ಲ.

ಸೆಪ್ಟೆಂಬರ್ 26

ಮಳೆ ತೆಳುವಾಗಿದೆ. ಲೈನ್ ಕ್ಲಿಯರ್ ಸಿಕ್ಕಿತು, ನಾನೇ ಏರಿದೆ. ವರ್ಷವಾಗಿತ್ತು ಏರದೆ. ತೊಡೆ ನಡುಗಿತು.

ಹೊರಮೈ ಚೊಕ್ಕಟ. ನೆಕ್ಕಿದರೆ ಉಪ್ಪಿಲ್ಲ (ನೆಕ್ಕಿಯೇ ನೋಡಿದೆ). ಬ್ರೇಸಿಂಗ್ ಕೂಡುವ ಗಸೆಟ್ ಪ್ಲೇಟಿನ ಹಿಂದೆ ಕೈ ತೂರಿಸಿದರೆ ಒದ್ದೆ ಕೆಸರು, ಹಕ್ಕಿ ಹಿಕ್ಕೆ, ಬಿಳಿ ಹಿಟ್ಟು, ಅದರಡಿ ಕೆಂಪು. ನಟ್ಟುಗಳು ಎಲ್ಲಕ್ಕಿಂತ ಮೊದಲು ಕೆಂಪಾಗಿವೆ. ನಟ್ಟಿನ ಒಳ ಎಳೆಗೆ ಸತುವೇ ಇರುವುದಿಲ್ಲ, ಗ್ಯಾಲ್ವನೈಸ್ ಆದ ಮೇಲೆ ಎಳೆ ಕೊರೆಯುತ್ತಾರೆ. ಬೋಲ್ಟಿನ ಸತುವೇ ಅದನ್ನೂ ಕಾಯಬೇಕು. ಕಾಲಿನ ಬಳಿ, ಕಾಂಕ್ರೀಟ್ ಮಫಿಂಗಿನಿಂದ ಕಬ್ಬಿಣ ಹೊರಬರುವಲ್ಲಿ ನೀರು ನಿಂತು ಉಂಗುರದಂತೆ ತಿಂದಿದೆ.

ಪೂರ್ವಕ್ಕೆ, ಚಿಮಣಿಗಳು ಕಾಣುವ ಕಡೆ ಎರಡು ಟವರ್ ದಾಟಿದರೆ ಚಿತ್ರ ಬದಲು. ಅಲ್ಲಿ ಹೊರಮೈಯೂ ತೆಳ್ಳಗಾಗಿದೆ. 50ರ ಆಸುಪಾಸು, ಎಲ್ಲ ಕಡೆ ಸಮನಾಗಿ. ಗಂಧಕದ ಹೊಗೆ ತೇವದಲ್ಲಿ ಕರಗಿ ಕಾರ್ಬೊನೇಟ್ ಪದರವನ್ನು ಸಲ್ಫೇಟ್ ಮಾಡಿಬಿಡುತ್ತದೆ. ಸಲ್ಫೇಟಿನ ಬಹುಪಾಲು ನೀರಿಗೆ ಕರಗುವಂಥದು. ಮಳೆ ಅದನ್ನು ಹೊತ್ತು ಹೋಗುತ್ತದೆ, ಕೆಳಗಿನ ಸತು ಮತ್ತೆ ಹೊಸ ಪದರ ಕಟ್ಟಲು ತನ್ನನ್ನೇ ಖರ್ಚು ಮಾಡಿಕೊಳ್ಳುತ್ತದೆ. ಮತ್ತೆ ಹೊಗೆ, ಮತ್ತೆ ಮಳೆ.

ಉಪ್ಪಿನ ಟವರಿಗೆ ಮಳೆ ಆಸರೆ, ಹೊಗೆಯ ಟವರಿಗೆ ಅದೇ ಮಳೆ ಕಳ್ಳ. ಸಾಹೇಬರಿಗೆ ಮೇ ತಿಂಗಳಲ್ಲಿ ಹೇಳಬೇಕಿದ್ದದ್ದು ಇದು.

ಅಕ್ಟೋಬರ್ 15

ಅಪ್ಪ ಫೋನ್ ಮಾಡಿದ್ದರು. ಶೀಟು ತಂದಾಯಿತಂತೆ. ಎಷ್ಟರದ್ದು ಎಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರದ ಕೆಳಗಿನ ಭಾಗಕ್ಕೆ ಮಾತ್ರ ಹಂಚು ಹೊದಿಸಿದ್ದೇನೆ ಎಂದರು. ಬಹಳ ಹೊತ್ತು ಆ ಮಾತೇ ಕಿವಿಯಲ್ಲಿತ್ತು.

ನವೆಂಬರ್ 30, ಬೆಳಿಗ್ಗೆ 5.40

ಇಬ್ಬನಿ ಶುರುವಾಗಿದೆ. ರಾತ್ರಿ ತಾರಸಿಯಲ್ಲಿ ಒಂದು ಗಾಜಿನ ಹಲಗೆ, ಪಕ್ಕದಲ್ಲಿ ಒಂದು ಸತುವಿನ ಹಲಗೆ ಇಟ್ಟಿದ್ದೆ. ಟಾರ್ಚ್ ಹಿಡಿದು ಎರಡರ ಮೇಲೂ ಪಿಎಚ್ ಕಾಗದ ಒತ್ತಿದೆ. ಗಾಜಿನ ಮೇಲಿನ ಹನಿ ಹುಳಿ. ಸತುವಿನ ಮೇಲಿನದು ಹುಳಿಯಿಲ್ಲ, ಕಾಗದ ಹಸಿರಾಯಿತು.

ಒಂದೇ ರಾತ್ರಿ, ಒಂದೇ ಗಾಳಿ. ಸತುವಿನ ಮೇಲಿದ್ದ ಹುಳಿ ಎಲ್ಲಿ ಹೋಯಿತು ಎಂದರೆ, ಸತುವನ್ನು ತಿಂದು ಮುಗಿಯಿತು. ಇಬ್ಬನಿ ತೆಳು, ತೊಳೆದುಕೊಂಡು ಹೋಗುವಷ್ಟು ನೀರಲ್ಲ. ಇಡೀ ರಾತ್ರಿ ಕೂತು, ಬಿಸಿಲೇರಿದ ಮೇಲೆ ಒಣಗಿ, ತಂದದ್ದನ್ನೆಲ್ಲ ಅಲ್ಲೇ ಬಿಟ್ಟು ಹೋಗುತ್ತದೆ. ಮಳೆಗಾಲದಲ್ಲಿ ಬೆಚ್ಚಿ ಕೂರುವ ನಾವು ಡಿಸೆಂಬರಿನಲ್ಲಿ ನೆಮ್ಮದಿಯಾಗಿ ಮಲಗುತ್ತೇವೆ.

ಡಿಸೆಂಬರ್ 3

ಒಳ್ಳೆಯದೂ ಇದೆ, ಅದನ್ನೂ ಬರೆಯಬೇಕು. ಯುರೋಪಿನಲ್ಲಿ 1987ರಿಂದ ಹಲವು ದೇಶಗಳ ಊರುಗಳಲ್ಲಿ ಸತುವಿನ ಹಲಗೆಗಳನ್ನು ಬಯಲಿಗಿಟ್ಟು ತೂಗುತ್ತಾ ಬಂದಿದ್ದಾರೆ. ಗಾಳಿಯಲ್ಲಿ ಗಂಧಕ ಇಳಿದಂತೆ ಸವೆತವೂ ಇಳಿದಿದೆ. ಇಲ್ಲಿ 2020ರ ಜನವರಿಯಿಂದ ಹಡಗಿನ ಇಂಧನದ ಗಂಧಕದ ಮಿತಿ 3.5%ರಿಂದ 0.5%ಕ್ಕೆ ಬಂತು. ಅದೇ ಏಪ್ರಿಲಿನಲ್ಲಿ ಬಿಎಸ್-6 ಬಂದು ಡೀಸೆಲ್ಲಿನಲ್ಲಿ ಕಿಲೋಗೆ 50 ಮಿಲಿಗ್ರಾಂ ಇದ್ದದ್ದು 10 ಆಯಿತು. ಕಲ್ಲಿದ್ದಲ ಸ್ಥಾವರಗಳಿಗೆ ಮಾತ್ರ 2015ರ ಡಿಸೆಂಬರಿನಲ್ಲೇ ಮಿತಿ ಹಾಕಿದರೂ ಗಡುವು ಮುಂದೆ ಮುಂದೆ ಹೋಗುತ್ತಲೇ ಬಂತು.

ಹೊಗೆಯನ್ನು ಇಳಿಸಬಹುದು, ಇಳಿಸಿದವರಿದ್ದಾರೆ. ಕಡಲನ್ನು ಯಾರೂ ಇಳಿಸಲಾರರು. ಹಾಗಾದರೆ ಇರುವ ಸ್ವಲ್ಪ ದುಡ್ಡನ್ನು ಯಾವ ಟವರಿಗೆ ಹಾಕುವುದು? ಹೊಗೆ ಇಳಿದರೆ ಚಿಮಣಿ ಕಡೆಯವು ತಾವೇ ಉಸಿರಾಡಿಕೊಳ್ಳುತ್ತವೆಯೇ? ಇಳಿಯದಿದ್ದರೆ?

ಡಿಸೆಂಬರ್ 9

ಅಂದಾಜುಪಟ್ಟಿ ಮಂಜೂರಾಯಿತು, ಅರ್ಧಕ್ಕೆ. ಕಡಲ ಕಡೆಯ ಸಾಲನ್ನು ಆರಿಸಿದೆ. ಮೊದಲು ಒಳಮಗ್ಗುಲಿಗೆ ಸಿಹಿನೀರು ಹೊಡೆಸುವುದು, ಆಮೇಲೆ ಉಜ್ಜುವುದು, ಕೊನೆಗೆ ಪೇಂಟ್. ಉಪ್ಪಿನ ಮೇಲೆ ಬಳಿದರೆ ಗುಳ್ಳೆ ಏಳುತ್ತದೆ. ಮೊದಲು ತೊಳೆಯಬೇಕು ಎನ್ನುವುದನ್ನು ಗುತ್ತಿಗೆದಾರರಿಗೆ ಅರ್ಥ ಮಾಡಿಸಲು ಒಂದು ಮಧ್ಯಾಹ್ನ ಹಿಡಿಯಿತು. ಮೂರು ತಿಂಗಳು ಮಳೆಯಲ್ಲಿ ನೆಂದ ಟವರನ್ನು ತೊಳೆಯುವುದೇನು ಎಂದು ಅವರ ಪ್ರಶ್ನೆ. ಏರಿ ಬನ್ನಿ ಎಂದೆ. ಅವರ ಮೇಸ್ತ್ರಿ ಏರಿದರು. ಇಳಿದು ಬಂದವರೇ ಪಂಪು ತರಲು ಆಳು ಕಳಿಸಿದರು.

ಚಿಮಣಿ ಕಡೆಯ ಸಾಲಿಗೆ ಬೇರೆ ಪತ್ರ ಬರೆದೆ. ಹಳೆಯ ಫಾರಂನ ಒಂದು ಕಾಲಂ ಬದಲಿಗೆ ನಾಲ್ಕು ಕೇಳಿದ್ದೇನೆ: ಕಡಲಿನಿಂದ ದೂರ, ಹೊಗೆಯ ದಿಕ್ಕು, ಮಳೆ ಬೀಳುವ ಮೈಯ ಮೈಕ್ರಾನ್, ಬೀಳದ ಮೈಯ ಮೈಕ್ರಾನ್. ಸಾಹೇಬರು ಓದಿ ಸಹಿ ಹಾಕಿದರು, ಏನೂ ಹೇಳಲಿಲ್ಲ. ಜನವರಿ ಮುಗಿಯುವುದರೊಳಗೆ ಉತ್ತರ ಬರದಿದ್ದರೆ ಕಾಗದಪತ್ರ ಕಟ್ಟಿಕೊಂಡು ಬೆಂಗಳೂರಿಗೆ ನಾನೇ ಹೋಗುತ್ತೇನೆ.